ಮೂರು ತಿಂಗಳ ಆನ್‌ಸೈಟ್, ಊರು ಕ್ವಾಲಾಲಂಪುರ: ಮೊದಲು ಕಾಗದ, ಆಮೇಲೆ ಕುಕ್ಕರ್

ಪ್ರಶ್ನೆ: ನಾನು ದಾವಣಗೆರೆಯವನು, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ. ಇನ್ನು ಮೂರು ವಾರದಲ್ಲಿ ಕ್ವಾಲಾಲಂಪುರದ ಕ್ಲೈಂಟ್ ಆಫೀಸಿಗೆ ಮೂರು ತಿಂಗಳ ಮಟ್ಟಿಗೆ ಕಳಿಸುತ್ತಿದ್ದಾರೆ. ವಿದೇಶಕ್ಕೆ ಇದೇ ಮೊದಲು. "ಭಾರತೀಯರಿಗೆ ಅಲ್ಲಿ ವೀಸಾ ಬೇಡ, ಸುಮ್ನೆ ಹೋಗು, ತಿಂಗಳಿಗೊಮ್ಮೆ ಸಿಂಗಪುರಕ್ಕೆ ಹೋಗಿ ಬಂದರೆ ಆಯ್ತು" ಎನ್ನುತ್ತಾರೆ ನಮ್ಮ ಮ್ಯಾನೇಜರ್. ಇದು ಸರಿಯಾ ಸರ್? ನಾನು ಮೊಟ್ಟೆ ಕೂಡ ತಿನ್ನುವುದಿಲ್ಲ, ಊಟಕ್ಕೆ ಏನು ಮಾಡಲಿ? ಮನೆ ಎಲ್ಲಿ ಹಿಡಿಯಲಿ? ಕೊನೆಯ ಎರಡು ವಾರ ಹೆಂಡತಿಯನ್ನು ಕರೆಸಿಕೊಳ್ಳಬಹುದಾ? ಕುಕ್ಕರ್, ಮಿಕ್ಸಿ ಒಯ್ಯಬೇಕಾ?

ಉತ್ತರ: ಕುಕ್ಕರ್ ವಿಷಯ ಕೊನೆಗೆ ನೋಡೋಣ. ಮೊದಲು ನಿಮ್ಮ ಮ್ಯಾನೇಜರ್ ಹೇಳಿದ್ದನ್ನು ತಲೆಯಿಂದ ತೆಗೆದುಹಾಕಿ. ನೀವು ಕೇಳಿದ ಇಷ್ಟು ವಿಷಯಗಳಲ್ಲಿ ಆಮೇಲೆ ಸರಿಮಾಡಲಾಗದ ತಪ್ಪು ಅಂತ ಇರುವುದು ಅದೊಂದೇ. ಮನೆ ಸರಿಹೋಗದಿದ್ದರೆ ಬದಲಿಸಬಹುದು, ಊಟ ಸೇರದಿದ್ದರೆ ಒಂದು ವಾರ ಮೊಸರನ್ನದಲ್ಲಿ ಕಳೆಯಬಹುದು. ವೀಸಾ ಕಾಗದ ತಪ್ಪಿದರೆ ಅದರ ಕಲೆ ನಿಮ್ಮ ಪಾಸ್‌ಪೋರ್ಟಿಗೆ ಹತ್ತುತ್ತದೆ, ಮ್ಯಾನೇಜರ್ ಪಾಸ್‌ಪೋರ್ಟಿಗಲ್ಲ.

ಅವರು ಹೇಳಿದ್ದರಲ್ಲಿ ಅರ್ಧ ನಿಜ ಇದೆ. 2023ರ ಡಿಸೆಂಬರ್ 1ರಿಂದ ಭಾರತೀಯರು 30 ದಿನದ ಮಟ್ಟಿಗೆ ವೀಸಾ ಇಲ್ಲದೆ ಮಲೇಷ್ಯಾಕ್ಕೆ ಹೋಗಬಹುದು, ಇದನ್ನು 2026ರ ಕೊನೆಯವರೆಗೆ ವಿಸ್ತರಿಸಿದ್ದಾರೆ. ಆದರೆ ಅದು ಊರು ನೋಡುವುದಕ್ಕೆ, ನೆಂಟರ ಮನೆಗೆ, ಹೆಚ್ಚೆಂದರೆ ಒಂದೆರಡು ಮೀಟಿಂಗ್‌ಗೆ. ಕ್ಲೈಂಟ್ ಕೊಟ್ಟ ಕುರ್ಚಿಯಲ್ಲಿ ಕೂತು, ಅವರ ಆಕ್ಸೆಸ್ ಕಾರ್ಡ್ ಕೊರಳಿಗೆ ಹಾಕಿಕೊಂಡು, ಮೂರು ತಿಂಗಳು ದಿನಾ ಎಂಟು ಗಂಟೆ ಟೆಸ್ಟಿಂಗ್ ಮಾಡುವುದು ಅವರ ಲೆಕ್ಕದಲ್ಲಿ ಕೆಲಸವೇ. ನಿಮ್ಮ ಸಂಬಳ ಬೆಂಗಳೂರಿನಲ್ಲೇ ಬೀಳುತ್ತದೆ ಅನ್ನುವ ಮಾತು ಅಲ್ಲಿ ನಡೆಯುವುದಿಲ್ಲ. ನಿಮ್ಮಂಥವರಿಗೆ ಅಂತಲೇ ಒಂದು ಪಾಸ್ ಇದೆ, ಹೆಸರು ಪ್ರೊಫೆಷನಲ್ ವಿಸಿಟ್ ಪಾಸ್. ಬೇರೆ ದೇಶದ ಕಂಪನಿಯ ನೌಕರನಾಗಿಯೇ ಉಳಿದು, ಅಲ್ಲಿಗೆ ಹೋಗಿ ಸ್ವಲ್ಪ ಕಾಲ ಕೆಲಸ ಮಾಡಿಕೊಟ್ಟು ಬರುವವರಿಗೆ ಅದು, ಹೆಚ್ಚೆಂದರೆ 12 ತಿಂಗಳವರೆಗೆ ಕೊಡುತ್ತಾರೆ. ಅರ್ಜಿ ಹಾಕುವವರು ನೀವಲ್ಲ, ಮಲೇಷ್ಯಾದಲ್ಲಿರುವ ಕ್ಲೈಂಟ್ ಕಂಪನಿ. ಒಪ್ಪಿಗೆ ಪತ್ರ ಕೈಗೆ ಬರುವವರೆಗೆ ವಿಮಾನ ಹತ್ತಬೇಡಿ. ಮೂರು ವಾರ ಇದಕ್ಕೆಲ್ಲ ಸಾಲದೇ ಹೋಗಬಹುದು. ಆಗ ಪ್ರಯಾಣದ ದಿನ ಮುಂದಕ್ಕೆ ಹೋಗಲಿ, ಪ್ರಾಜೆಕ್ಟ್ ಮುಳುಗಿಹೋಗುವುದಿಲ್ಲ.

ನಾನು ನಾಲ್ಕು ವರ್ಷ ಕೆ.ಎಲ್.ನಲ್ಲಿ ಇದ್ದೆ (ಅಲ್ಲಿ ಎಲ್ಲರೂ ಹಾಗೇ ಕರೆಯುವುದು, ಕ್ವಾಲಾಲಂಪುರ ಎಂದು ಪೂರ್ತಿ ಹೇಳುವವರು ಹೊಸಬರು ಮಾತ್ರ). ವಾಪಸು ಬಂದಮೇಲೆ ಬೆಂಗಳೂರಿನ ಒಂದು ಕಂಪನಿಯಲ್ಲಿ ಹುಡುಗರನ್ನು ಹೊರದೇಶಕ್ಕೆ ಕಳಿಸುವ ವಿಭಾಗ ನೋಡಿಕೊಂಡೆ. ಒಬ್ಬ ಹುಡುಗನನ್ನು ಹೀಗೇ "ಸುಮ್ನೆ ಹೋಗು" ಎಂದು ಕಳಿಸಿದ್ದೆವು. ಅರ್ಜೆಂಟ್ ಇತ್ತು, ಒತ್ತಡ ಇತ್ತು, ಸಹಿ ಹಾಕಿದ್ದು ನಾನೇ. ಇಮಿಗ್ರೇಶನ್ ಕೌಂಟರಿನಲ್ಲಿ ಅವನನ್ನು ಕೇಳಿದ್ದು ಎರಡೇ ಪ್ರಶ್ನೆ: ಎಷ್ಟು ದಿನ, ಯಾಕೆ. ಪಾಪ, ಸುಳ್ಳು ಹೇಳಿ ಅಭ್ಯಾಸವಿಲ್ಲದವನು, "ಪ್ರಾಜೆಕ್ಟ್ ವರ್ಕ್" ಎಂದ. ಒಂದು ರಾತ್ರಿ ಅಲ್ಲೇ ಒಂದು ಕೋಣೆಯಲ್ಲಿ ಕೂರಿಸಿ ಮರುದಿನದ ವಿಮಾನಕ್ಕೆ ಹತ್ತಿಸಿ ವಾಪಸು ಕಳಿಸಿದರು. ಅದಕ್ಕೆ ಅಲ್ಲಿ "ನಾಟ್ ಟು ಲ್ಯಾಂಡ್" ಎನ್ನುತ್ತಾರೆ, ಅಂದರೆ ನೆಲಕ್ಕೆ ಇಳಿದೇ ಇಲ್ಲ ಅಂತ ಲೆಕ್ಕ. ಕಂಪನಿಗೆ ಹೋದದ್ದು ಟಿಕೆಟ್ ದುಡ್ಡು. ಅವನಿಗೆ ಮಾತ್ರ, ಆಮೇಲೆ ಯಾವ ವೀಸಾ ಅರ್ಜಿ ತುಂಬಿದರೂ "ಎಂದಾದರೂ ಪ್ರವೇಶ ನಿರಾಕರಿಸಲಾಗಿದೆಯೇ" ಎನ್ನುವ ಕಡೆ ಹೌದು ಎಂದು ಬರೆಯುವ ಗ್ರಹಚಾರ.

ಇನ್ನು ತಿಂಗಳಿಗೊಮ್ಮೆ ಸಿಂಗಪುರದ ಕಥೆ. ಭಾರತದ ಪಾಸ್‌ಪೋರ್ಟಿಗೆ ಸಿಂಗಪುರದಲ್ಲಿ ವೀಸಾ ಬೇಕು! ನಿಮ್ಮ ಮ್ಯಾನೇಜರಿಗೆ ಅದೂ ಗೊತ್ತಿಲ್ಲ ಅಂತಾಯಿತು.

ಪಾಸ್ ಬಂತು ಅಂದುಕೊಳ್ಳಿ. ಹೊರಡುವ ಮುಂಚೆ ಹೆಚ್‌ಆರ್‌ನಿಂದ ಮೂರು ವಿಷಯ ಮೇಲ್‌ನಲ್ಲಿ ಬರೆಸಿಕೊಳ್ಳಿ, ಫೋನಿನಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ. ಒಂದು, ಮನೆಯ ಅಡ್ವಾನ್ಸ್ ಯಾರು ಕಟ್ಟುತ್ತಾರೆ. ಎರಡು, ಇನ್ಶೂರೆನ್ಸ್ ಕಾರ್ಡ್, ಅದು ಅಲ್ಲಿನ ಆಸ್ಪತ್ರೆಯಲ್ಲಿ ನೇರವಾಗಿ ನಡೆಯುತ್ತದೋ ಅಥವಾ ನೀವು ಕಟ್ಟಿ ಆಮೇಲೆ ಬಿಲ್ ಕೊಡಬೇಕೋ. ಮೂರನೆಯದು ತೆರಿಗೆ, ಇದನ್ನು ಯಾರೂ ಕೇಳುವುದಿಲ್ಲ. ಮಲೇಷ್ಯಾದಲ್ಲಿ 182 ದಿನಕ್ಕಿಂತ ಕಡಿಮೆ ಇದ್ದವರು ಸಾಮಾನ್ಯವಾಗಿ ಅನಿವಾಸಿ ಲೆಕ್ಕಕ್ಕೆ ಬರುತ್ತಾರೆ, ಅನಿವಾಸಿಯ ಸಂಬಳಕ್ಕೆ ತೆರಿಗೆ ನೇರವಾಗಿ 30 ಶೇಕಡಾ. 60 ದಿನದೊಳಗಿನ ಕೆಲಸಕ್ಕೆ ವಿನಾಯಿತಿ ಇದೆ, ಮೂರು ತಿಂಗಳು ಅದನ್ನು ದಾಟುತ್ತದೆ. ಭಾರತ ಮತ್ತು ಮಲೇಷ್ಯಾ ನಡುವಿನ ಒಪ್ಪಂದದ ಪ್ರಕಾರ, ನಿಮ್ಮ ಸಂಬಳ ಪೂರ್ತಿ ಭಾರತದ ಕಂಪನಿಯದೇ ಆಗಿದ್ದರೆ ಅಲ್ಲಿ ಕಟ್ಟಬೇಕಾಗದೆಯೂ ಇರಬಹುದು. ಆದರೆ ಆ ವಾದ ಮಾಡಬೇಕಾದವರು ಕಂಪನಿಯ ತೆರಿಗೆ ಸಲಹೆಗಾರರು, ನೀವಲ್ಲ. "ಅಲ್ಲಿ ತೆರಿಗೆ ಬಂದರೆ ಕಂಪನಿ ಭರಿಸುತ್ತದೆ" ಎಂಬ ಒಂದು ಸಾಲು ಮೇಲ್‌ನಲ್ಲಿ ಬಂದರೆ ಸಾಕು.

ಹೆಸರಿನ ಬಗ್ಗೆ ಒಂದು ಮಾತು. ನಮ್ಮ ಕಡೆಯವರ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ, ಇಲ್ಲವೇ ಊರು, ಅಪ್ಪ, ತಾತ ಎಲ್ಲರೂ ಸಾಲಾಗಿ ನಿಂತಿರುತ್ತಾರೆ. ಟಿಕೆಟ್, ಪಾಸ್ ಅರ್ಜಿ, ಇನ್ಶೂರೆನ್ಸ್, ಮೂರರಲ್ಲೂ ಪಾಸ್‌ಪೋರ್ಟಿನಲ್ಲಿ ಇರುವ ಹಾಗೇ ಅಕ್ಷರಶಃ ಇರಲಿ. ಖುಷಿಯ ವಿಷಯ ಅಂದರೆ ಈ ಒಂದು ಕಷ್ಟ ಮಲೇಷ್ಯಾದವರಿಗೆ ಚೆನ್ನಾಗಿ ಅರ್ಥವಾಗುತ್ತದೆ. ಮಲಯರಿಗೂ ಸರ್‌ನೇಮ್ ಇಲ್ಲ, ಸ್ವಂತ ಹೆಸರು, ಆಮೇಲೆ "ಬಿನ್" ಅಥವಾ "ಬಿಂತಿ", ಆಮೇಲೆ ಅಪ್ಪನ ಹೆಸರು. ನಮ್ಮ ಹಳೇ ಪಹಣಿಯಲ್ಲಿ "ಬಿನ್ ಕೆಂಚಪ್ಪ" ಅಂತ ಇರುತ್ತದಲ್ಲ, ಅದೇ ಬಿನ್.

ಈಗ ಇಳಿಯುವ ದಿನ. ಬರುವ ದಿನಕ್ಕೆ ಮುಂಚಿನ ಮೂರು ದಿನದೊಳಗೆ ಮಲೇಷ್ಯಾ ಡಿಜಿಟಲ್ ಅರೈವಲ್ ಕಾರ್ಡ್ ಎಂಬುದನ್ನು ಅವರ ಇಮಿಗ್ರೇಶನ್ ಇಲಾಖೆಯ ಸೈಟಿನಲ್ಲಿ ತುಂಬಬೇಕು. ಅದಕ್ಕೆ ದುಡ್ಡಿಲ್ಲ. ದುಡ್ಡು ಕೇಳುವ ಸೈಟ್ ಯಾವುದಾದರೂ ಸಿಕ್ಕರೆ ಮುಚ್ಚಿ ಹೊರಬನ್ನಿ. ಬೆಂಗಳೂರಿನಿಂದ ವಿಮಾನ ನಾಲ್ಕು ಗಂಟೆ ಚಿಲ್ಲರೆ. ರಾತ್ರಿ ಹೊರಟರೆ ಮುಂಜಾನೆ ಇಳಿಯುತ್ತೀರಿ. ಗಡಿಯಾರ ನಮಗಿಂತ ಎರಡೂವರೆ ಗಂಟೆ ಮುಂದೆ. ಮೊದಲ ದಿನ ನಿಮಗೆ ವಿಚಿತ್ರ ಅನ್ನಿಸುವುದು ಅದಲ್ಲ, ಕತ್ತಲು. ಆರೂವರೆ ಆದರೂ ಬೆಳಕು ಹರಿದಿರುವುದಿಲ್ಲ, ವರ್ಷವಿಡೀ ಸೂರ್ಯ ಹುಟ್ಟುವುದು ಏಳರ ಆಸುಪಾಸಿಗೆ, ಮುಳುಗುವುದೂ ಸಂಜೆ ಏಳರ ಆಸುಪಾಸಿಗೆ. ಪೂರ್ವದ ಸಬಾ, ಸರವಾಕ್ ರಾಜ್ಯಗಳ ಹೊತ್ತಿಗೆ ಸರಿಹೊಂದಲಿ ಎಂದು 1982ರ ಹೊಸ ವರ್ಷಕ್ಕೆ ಇಡೀ ಪಶ್ಚಿಮ ಮಲೇಷ್ಯಾದ ಗಡಿಯಾರವನ್ನು ಅರ್ಧ ಗಂಟೆ ಮುಂದಕ್ಕೆ ತಿರುಗಿಸಿಬಿಟ್ಟರು, ಆವತ್ತಿನಿಂದ ಅಲ್ಲಿನ ಮಕ್ಕಳು ಕತ್ತಲಲ್ಲೇ ಸ್ಕೂಲಿಗೆ ಹೊರಡುತ್ತಾರೆ.

ವಿಮಾನ ನಿಲ್ದಾಣ ಊರಿಂದ 50 ಕಿಲೋಮೀಟರಿಗಿಂತ ದೂರ, ಸೆಪಾಂಗ್ ಎಂಬಲ್ಲಿ. ನಮ್ಮ ದೇವನಹಳ್ಳಿ ಅದರ ಮುಂದೆ ಪಕ್ಕದ ಬೀದಿ. ಎರಡು ಟರ್ಮಿನಲ್ ಇವೆ, ಏರ್‌ಏಷ್ಯಾ ಎರಡನೆಯದಕ್ಕೆ, ಮಲೇಷ್ಯಾ ಏರ್‌ಲೈನ್ಸ್ ಒಂದನೆಯದಕ್ಕೆ. ವಾಪಸು ಹೋಗುವಾಗ ಎಷ್ಟೋ ಜನ ಇಲ್ಲಿ ಎಡವುತ್ತಾರೆ. ಊರಿಗೆ ಹೋಗಲು ಕೆಎಲ್‌ಐಎ ಎಕ್ಸ್‌ಪ್ರೆಸ್ ರೈಲು ಇದೆ, ಒಂದನೇ ಟರ್ಮಿನಲ್‌ನಿಂದ 28 ನಿಮಿಷಕ್ಕೆ ಊರಿನ ಮುಖ್ಯ ರೈಲು ನಿಲ್ದಾಣ ಕೆ.ಎಲ್. ಸೆಂಟ್ರಲ್, ಟಿಕೆಟ್ 55 ರಿಂಗಿಟ್. ಒಂದು ರಿಂಗಿಟ್‌ಗೆ ಇಪ್ಪತ್ತು ರೂಪಾಯಿ ಮೇಲೆ ಅಂತ ಮನಸ್ಸಿನಲ್ಲಿ ಇಟ್ಟುಕೊಂಡರೆ ಲೆಕ್ಕ ಸುಲಭ. ಎರಡು ದೊಡ್ಡ ಸೂಟ್‌ಕೇಸ್ ಇದ್ದರೆ ಗ್ರ್ಯಾಬ್ ಕರೆಯಿರಿ, ನಮ್ಮ ಓಲಾ, ಊಬರ್ ಇದ್ದ ಹಾಗೆ. ಆ್ಯಪ್ ಬೆಂಗಳೂರಿನಲ್ಲೇ ಹಾಕಿಕೊಂಡು ಕಾರ್ಡ್ ಜೋಡಿಸಿಕೊಳ್ಳಿ, ಯಾಕೆಂದರೆ ಬ್ಯಾಂಕಿನ ಓಟಿಪಿ ಬರುವುದು ನಿಮ್ಮ ಭಾರತದ ನಂಬರಿಗೆ. ಇದೇ ಕಾರಣಕ್ಕೆ ಆ ಸಿಮ್‌ಗೆ ರೋಮಿಂಗ್ ಶುರುಮಾಡಿಸಿಯೇ ಹೊರಡಿ. ಅಲ್ಲಿಗೆ ಹೋದಮೇಲೆ ಶುರುಮಾಡಲು ಅದಕ್ಕೂ ಒಂದು ಓಟಿಪಿ ಕೇಳುತ್ತದೆ, ಆಮೇಲೆ ನಾಯಿ ತನ್ನ ಬಾಲ ಅಟ್ಟಿಸಿಕೊಂಡು ಸುತ್ತಿದ ಹಾಗೆ ಆಗುತ್ತದೆ.

ಹೊರಗೆ ಬಾಗಿಲಲ್ಲಿ "ಟ್ಯಾಕ್ಸಿ, ಬಾಸ್, ಟ್ಯಾಕ್ಸಿ" ಎನ್ನುವವರಿಗೆ ನಕ್ಕು ಮುಂದೆ ಹೋಗಿ.

ಮನೆ. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಮೊದಲು ಆಫೀಸಿನ ಪೂರ್ತಿ ವಿಳಾಸ ತರಿಸಿಕೊಳ್ಳಿ. "ಕೆ.ಎಲ್. ಆಫೀಸ್" ಅಂತ ಹೇಳಿ ಸೈಬರ್‌ಜಯಕ್ಕೆ ಕಳಿಸುವುದು ಮಾಮೂಲು. ಅದು ಊರಿನ ದಕ್ಷಿಣಕ್ಕೆ ಮೂವತ್ತು ಕಿಲೋಮೀಟರಿಗಿಂತ ಆಚೆ. 2023ರಲ್ಲಿ ಪುತ್ರಜಯ ಮಾರ್ಗದ ಮೆಟ್ರೋ ಅಲ್ಲಿಗೂ ಬಂತು, ಆದರೂ ಕೆ.ಎಲ್. ಮಧ್ಯದಿಂದ ದಿನಾ ಓಡಾಡುವುದು ಸುಸ್ತಿನ ಕೆಲಸ. ಆಫೀಸ್ ಊರೊಳಗೇ, ಕೆ.ಎಲ್. ಸೆಂಟ್ರಲ್ ಕಡೆಯೋ ಟಿಆರ್‌ಎಕ್ಸ್ ಎಂಬ ಹೊಸ ಆಫೀಸು ಬಡಾವಣೆ ಕಡೆಯೋ ಇದ್ದರೆ, ಸಸ್ಯಾಹಾರಿಯಾದ ನಿಮಗೆ ನಾನು ಹೇಳುವ ಜಾಗ ಬ್ರಿಕ್‌ಫೀಲ್ಡ್ಸ್. 1881ರಲ್ಲಿ ಬೆಂಕಿ ಬಿದ್ದು, ಅದೇ ವರ್ಷ ನೆರೆಯೂ ಬಂದು ಮರ ಮತ್ತು ಹುಲ್ಲಿನ ಮನೆಗಳ ಊರು ಹಾಳಾದಾಗ, ಇನ್ನು ಇಟ್ಟಿಗೆಯಲ್ಲೇ ಕಟ್ಟಬೇಕು ಎಂದು ಬ್ರಿಟಿಷರು ಹೊರಡಿಸಿದ ಹುಕುಂನಿಂದ ಇಟ್ಟಿಗೆ ಭಟ್ಟಿಗಳು ಎದ್ದ ಜಾಗ ಅದು. ಆಮೇಲೆ ರೈಲ್ವೆ ಬಂತು, ರೈಲ್ವೆ ಜೊತೆ ತಮಿಳರು ಬಂದರು. ಈಗ ಅದೇ ಲಿಟ್ಲ್ ಇಂಡಿಯಾ. ಹೂವಿನ ಅಂಗಡಿ, ಬಾಳೆಲೆ ಊಟ, ತೊಗರಿಬೇಳೆ, ಕರಿಬೇವು ಎಲ್ಲ ಕಾಲಳತೆಯಲ್ಲಿ ಸಿಗುತ್ತದೆ, ಪಕ್ಕದಲ್ಲೇ ಕೆ.ಎಲ್. ಸೆಂಟ್ರಲ್. ಗಲಾಟೆ ಇದೆ, ಕಸವೂ ಇದೆ. ಚಿಕ್ಕಪೇಟೆಯಲ್ಲಿ ಓಡಾಡಿದವರಿಗೆ ಅದೇನು ದೊಡ್ಡದಲ್ಲ.

ವರ್ಷದ ಬಾಡಿಗೆಗೆ ಹೋದರೆ ಸಾಮಾನ್ಯವಾಗಿ ಎರಡು ತಿಂಗಳ ಅಡ್ವಾನ್ಸ್, ಕರೆಂಟು ನೀರಿಗೆ ಅಂತ ಅರ್ಧ ತಿಂಗಳದ್ದು, ಮೇಲೆ ಮೊದಲ ತಿಂಗಳ ಬಾಡಿಗೆ ಕೇಳುತ್ತಾರೆ. ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ನೋಡಿದ ನಮಗೆ ಇದು ಧರ್ಮದ ಬಾಡಿಗೆ ಅನ್ನಿಸಬಹುದು. ಆದರೆ ಮೂರು ತಿಂಗಳಿಗೆ ಆ ದಾರಿ ಬೇಡ, ಬಿಡುವಾಗ ವಾಪಸು ಪಡೆಯುವ ಹೊತ್ತಿಗೆ ನೀವು ದಾವಣಗೆರೆಯಲ್ಲಿ ಇರುತ್ತೀರಿ. ತಿಂಗಳ ಲೆಕ್ಕದ ಸರ್ವಿಸ್ ಅಪಾರ್ಟ್‌ಮೆಂಟ್ ತಗೊಳ್ಳಿ, ಸ್ವಲ್ಪ ಜಾಸ್ತಿ ಆದರೂ ಪರವಾಗಿಲ್ಲ. ಮೊದಲ ಒಂದು ವಾರ ಮಾತ್ರ ಹೋಟೆಲಿನಲ್ಲಿದ್ದು, ಮನೆಯನ್ನು ಕಣ್ಣಾರೆ ನೋಡಿ ಆರಿಸಿ. (ಹೋಟೆಲಿನಲ್ಲಿ ವಿದೇಶಿಯರಿಗೆ ಕೋಣೆಗೆ ದಿನಕ್ಕೆ 10 ರಿಂಗಿಟ್ ಪ್ರವಾಸಿ ತೆರಿಗೆ ಬೇರೆ ಹಾಕುತ್ತಾರೆ, ಬಿಲ್ಲಿನಲ್ಲಿ ಕಂಡರೆ ಜಗಳ ಆಡಬೇಡಿ.) ಕೆಲವು ಬಾಡಿಗೆ ಜಾಹೀರಾತಿನಲ್ಲಿ ಇಂಥ ಜನಾಂಗದವರಿಗೆ ಮಾತ್ರ ಎಂದು ನೇರವಾಗಿ ಬರೆದಿರುತ್ತಾರೆ. ಓದಿದಾಗ ಹೊಟ್ಟೆ ಉರಿಯುತ್ತದೆ. ನಮ್ಮೂರಿನಲ್ಲಿ ಬ್ರೋಕರ್ ಮೊದಲು ಕೇಳುವ ಪ್ರಶ್ನೆ ಯಾವುದು ಅಂತ ನೆನಪಾದರೆ ಸ್ವಲ್ಪ ತಣ್ಣಗಾಗುತ್ತದೆ.

ಕಣ್ಣಾರೆ ನೋಡಿ ಎಂದು ಒತ್ತಿ ಹೇಳಲು ಕಾರಣ ಇದೆ. ನಾನು ಮೊದಲ ಸಲ ಮ್ಯಾಪ್ ನೋಡಿ ಮನೆ ಹಿಡಿದೆ, ರೈಲು ನಿಲ್ದಾಣಕ್ಕೆ 700 ಮೀಟರ್ ಅಂತ ಇತ್ತು. ಹೋಗಿ ನೋಡಿದರೆ ನಡುವೆ ಹೆದ್ದಾರಿ. ದಾಟಲು ಮೇಲ್ಸೇತುವೆ ಎಲ್ಲೋ ದೂರದಲ್ಲಿ, ಫುಟ್‌ಪಾತ್ ಇದ್ದಕ್ಕಿದ್ದ ಹಾಗೆ ಪೊದೆಯಲ್ಲಿ ಮುಗಿಯುತ್ತದೆ. ಕೆ.ಎಲ್. ಕಾರಿನವರಿಗಾಗಿ ಕಟ್ಟಿದ ಊರು, ನಡೆಯುವವನನ್ನು ಯಾರೂ ಲೆಕ್ಕಕ್ಕೆ ಇಟ್ಟಿಲ್ಲ. ಅದರ ಮೇಲೆ ಮಧ್ಯಾಹ್ನ ಮೂರು ನಾಲ್ಕು ಗಂಟೆಗೆ ಗುಡುಗು ಸಿಡಿಲಿನ ಮಳೆ, ನಮ್ಮ ಜೂನ್ ಜಿಟಿಜಿಟಿ ಅಲ್ಲ, ಬಕೆಟ್ ಬೋರಲು ಹಾಕಿದ ಹಾಗೆ. ಆಫೀಸ್ ಬಿಡುವ ಹೊತ್ತಿಗೆ ಸರಿಯಾಗಿ ಮಳೆ ಬಂದರೆ ಗ್ರ್ಯಾಬ್ ರೇಟು ಡಬಲ್ ಆಗುತ್ತದೆ, ಅರ್ಧ ಗಂಟೆ ಕಾದರೂ ಗಾಡಿ ಬರುವುದಿಲ್ಲ. ಹಾಗಾಗಿ ನನ್ನ ನಿಯಮ ಒಂದೇ: ನಿಲ್ದಾಣದಿಂದ ಮನೆಯ ಬಾಗಿಲವರೆಗೆ ತಲೆ ಮೇಲೆ ಸೂರು ಇರುವ ದಾರಿ ಇದೆಯಾ? ಇದ್ದರೆ ಈಜುಕೊಳ, ಜಿಮ್ ಯಾವುದೂ ಇಲ್ಲದಿದ್ದರೂ ಆ ಮನೆ ಹಿಡಿಯಿರಿ. ರೈಲಿಗೆ, ಬಸ್ಸಿಗೆ ಟಚ್ ಎನ್ ಗೋ ಎಂಬ ಕಾರ್ಡ್ ಒಂದನ್ನು ಕೊಂಡರೆ ಸಾಕು.

ಊಟ. ನಿಮ್ಮ ನಿಜವಾದ ಚಿಂತೆ ಇದೇ ಅಂತ ನನಗೆ ಗೊತ್ತು.

ಹಸಿದು ಸಾಯುವುದಿಲ್ಲ. ಬೀದಿ ಬೀದಿಗೆ ಮಾಮಕ್ ಅಂಗಡಿಗಳಿವೆ, ತಮಿಳುನಾಡಿನ ಕಡೆಯಿಂದ ಹೋದ ಮುಸ್ಲಿಮರ ಹೋಟೆಲು, ಎಷ್ಟೋ ಕಡೆ 24 ಗಂಟೆಯೂ ತೆರೆದಿರುತ್ತದೆ. ಹೆಸರು ಬಂದಿದ್ದು "ಮಾಮ" ಎನ್ನುವುದರಿಂದ. ಅಲ್ಲಿ ತೊಸೈ ಅಂದರೆ ನಮ್ಮ ದೋಸೆ. ರೋಟಿ ಚಾನಾಯ್ ಅಂದರೆ ಪರೋಟದ ತಮ್ಮ. ರೋಟಿ ಜೊತೆ ಕೊಡುವ ಸಾರು ನೋಡಿಕೊಳ್ಳಿ. ಸುಮ್ಮನೆ ಕೂತರೆ ಮೀನಿನ ಸಾರೋ, ಎಲ್ಲ ಬೆರೆಸಿದ ಸಾರೋ ಬಂದುಬಿಡುತ್ತದೆ. "ಡಾಲ್ ಸಹಾಜ" ಎಂದು ಹೇಳಿ. ಮಲಯ ಭಾಷೆಯಲ್ಲಿ ಸಹಾಜ ಎಂದರೆ "ಅಷ್ಟೇ, ಬರೀ". ನಮ್ಮ ಸಹಜವೇ ಅದು, ಸಮುದ್ರ ದಾಟುವಾಗ ಅರ್ಥ ಬದಲಾಯಿಸಿಕೊಂಡಿದೆ. ಹಿಟ್ಟಿಗೆ ಕೆಲವರು ಮೊಟ್ಟೆ ಹಾಕುತ್ತಾರೆ, ಕೇಳಿಯೇ ತಿನ್ನಿ.

ಮೋಸ ಹೋಗುವುದು ತರಕಾರಿಯಲ್ಲಿ. "ಸಾಯೂರ್" ಅಂದರೆ ತರಕಾರಿ ನಿಜ, ಆದರೆ ತರಕಾರಿ ಪಲ್ಯ ಸಸ್ಯಾಹಾರ ಅಂತ ಅಲ್ಲಿ ಯಾರೂ ಹೇಳಿಲ್ಲ. ಸೊಪ್ಪಿನ ಪಲ್ಯಕ್ಕೆ ಬೆಲಾಚಾನ್ ಎಂಬ ಸಿಗಡಿ ಹುದುಗಿಸಿ ಒಣಗಿಸಿದ ಮುದ್ದೆ ಬೀಳುತ್ತದೆ. ಚೀನಿ ಅಂಗಡಿಯಲ್ಲಿ ಸೊಪ್ಪಿನ ಮೇಲೆ ಸಿಂಪಿ ಸಾಸ್ ಸುರಿಯುತ್ತಾರೆ. ನಾಸಿ ಲೆಮಾಕ್ ಎಂಬ ತೆಂಗಿನ ಹಾಲಿನ ಅನ್ನ ಘಮ್ ಅನ್ನುತ್ತದೆ, ಆದರೆ ಅದರ ಮೇಲಿನ ಖಾರದ ಗೊಜ್ಜು ಸಂಬಾಲ್‌ನಲ್ಲಿ ಇಕಾನ್ ಬಿಲಿಸ್, ಅಂದರೆ ಬೆರಳುದ್ದವೂ ಇಲ್ಲದ ಒಣಮೀನು. ಅದಕ್ಕೇ ವೆಜಿಟೇರಿಯನ್ ಎಂಬ ಪದವನ್ನು ನೆಚ್ಚಿಕೊಳ್ಳಬೇಡಿ, ಪಟ್ಟಿ ಒಪ್ಪಿಸಿ: "ಸಾಯ ತಾಕ್ ಮಾಕಾನ್ ದಾಗಿಂಗ್, ಆಯಾಂ, ಇಕಾನ್, ಉದಾಂಗ್, ತೆಲೂರ್." ಮಾಂಸ, ಕೋಳಿ, ಮೀನು, ಸಿಗಡಿ, ಮೊಟ್ಟೆ ತಿನ್ನುವುದಿಲ್ಲ ಎಂದರ್ಥ. ಒಂದು ದಿನ ಕನ್ನಡಿ ಮುಂದೆ ನಿಂತು ಬಾಯಿಪಾಠ ಮಾಡಿ.

ಇನ್ನೊಂದು ದಾರಿ ಎಷ್ಟೋ ನಮ್ಮವರಿಗೆ ಗೊತ್ತೇ ಇರುವುದಿಲ್ಲ, ಚೀನಿ ಬೌದ್ಧರ ಸಸ್ಯಾಹಾರಿ ಹೋಟೆಲು. ಊರೆಲ್ಲ ಇವೆ, ಬಹುತೇಕ ಕಡೆ ಈರುಳ್ಳಿ ಬೆಳ್ಳುಳ್ಳಿ ಕೂಡ ಹಾಕುವುದಿಲ್ಲ, ನಮ್ಮ ಮಾಧ್ವರ ಮನೆಯ ಹಾಗೆ. ತಟ್ಟೆಯಲ್ಲಿ ಮೀನು, ಬಾತುಕೋಳಿ ಇದ್ದಂತೆ ಕಂಡರೆ ಗಾಬರಿ ಬೇಡ, ಸೋಯಾ ಮತ್ತು ಗೋಧಿಯ ಅಂಟಿನಿಂದ ಹಾಗೆ ಮಾಡಿರುತ್ತಾರೆ. ನನಗೆ ಒಂದು ತಿಂಗಳು ಬೇಕಾಯಿತು ಅದನ್ನು ಧೈರ್ಯವಾಗಿ ಬಾಯಿಗೆ ಇಡಲು. ಆಮೇಲೆ ವಾರಕ್ಕೆ ಎರಡು ಸಲ ಅಲ್ಲೇ. ಮೊಟ್ಟೆ ಮಾತ್ರ ಇಲ್ಲೂ ಕೇಳಿಕೊಳ್ಳಿ.

ಚಹಾ ಕುಡಿಯುವವರಾದರೆ ತೆ ತಾರಿಕ್ ಸಿಗುತ್ತದೆ, ಎರಡು ಲೋಟದ ನಡುವೆ ಎತ್ತರದಿಂದ ಎಳೆದು ನೊರೆ ಬರಿಸಿದ್ದು. ಗಟ್ಟಿ ಸಿಹಿ ಹಾಲು ಹಾಕುವುದರಿಂದ ಪಾಯಸದ ಹಾಗಿರುತ್ತದೆ, "ಕುರಾಂಗ್ ಮಾನಿಸ್" ಅಂದರೆ ಸಿಹಿ ಕಡಿಮೆ. ಪಾರ್ಸೆಲ್ ಬೇಕಾದರೆ "ಬುಂಗ್ಕುಸ್". ಫಿಲ್ಟರ್ ಕಾಫಿಯ ಆಸೆ ಬಿಡಿ, ಪುಡಿ ಮತ್ತು ಫಿಲ್ಟರ್ ಮನೆಯಿಂದ ಒಯ್ಯಿರಿ.

ಮಲಯ ಭಾಷೆ ಕಂಡರೆ ಹೆದರಬೇಡಿ. ನಮ್ಮ ಹಳೇ ನೆಂಟರು ಅಲ್ಲಿ ತುಂಬ ಇದ್ದಾರೆ. ಭಾಷೆ ಬಹಾಸ, ಭೂಮಿ ಬೂಮಿ, ಬಣ್ಣ ವಾರ್ನ, ಉಪವಾಸ ಪುವಾಸ. ಗಂಡ ಸುಆಮಿ, ನಮ್ಮ ಸ್ವಾಮಿ. ಹೆಂಡತಿ ಇಸ್ತೆರಿ, ಅಂದರೆ ಸ್ತ್ರೀ. ಕರೆಂಟ್ ಪೆಟ್ಟಿಗೆಯ ಮೇಲೆ "ಬಹಾಯ" ಎಂದಿದ್ದರೆ ಭಯ, ಅಂದರೆ ಅಪಾಯ. ಬಟ್ಟೆ ಒಗೆಯುವ ಅಂಗಡಿ ಡೋಬಿ, ಅಲ್ಲಿ ದುಡ್ಡು ಹಾಕಿ ನೀವೇ ಒಗೆದುಕೊಳ್ಳುವ ಮಷೀನುಗಳಿರುತ್ತವೆ. ಒಂದು ಪದ ಮಾತ್ರ ನಿಮ್ಮಂಥ ಬಯಲುಸೀಮೆಯವರಿಗೆ ಕೈ ಕೊಡುತ್ತದೆ: ಸೂಪರ್‌ಮಾರ್ಕೆಟಿನಲ್ಲಿ ರಾಗಿ ಕೇಳಿದರೆ ಹಿಟ್ಟು ಹುದುಗಿಸುವ ಈಸ್ಟ್ ತಂದುಕೊಡುತ್ತಾರೆ, ಯಾಕೆಂದರೆ ಮಲಯದಲ್ಲಿ ರಾಗಿ ಅಂದರೆ ಅದೇ. ಮುದ್ದೆಗೆ ಬೇಕಾದ ರಾಗಿಹಿಟ್ಟಿಗೆ ಬ್ರಿಕ್‌ಫೀಲ್ಡ್ಸ್ ಅಂಗಡಿಗೇ ಹೋಗಿ. ಅಲ್ಲಿ ನಿಮ್ಮ ಮುಖ ನೋಡಿದ ಕೂಡಲೇ ತಮಿಳಿನಲ್ಲಿ ಮಾತಾಡಿಸುತ್ತಾರೆ. ಬೇಜಾರು ಮಾಡಿಕೊಳ್ಳಬೇಡಿ, ಅರ್ಧಂಬರ್ಧ ತಮಿಳಿನಲ್ಲೇ ಉತ್ತರ ಕೊಟ್ಟರೆ ಕೊತ್ತಂಬರಿ ಜಾಸ್ತಿ ಬೀಳುತ್ತದೆ.

ಆಫೀಸಿನಲ್ಲಿ ಬೆಳಗ್ಗೆ ಸಿಕ್ಕವರು "ಸುದಾ ಮಾಕಾನ್?" ಎನ್ನುತ್ತಾರೆ. ನಮ್ಮ "ಊಟ ಆಯ್ತಾ?"ನೇ, ಉತ್ತರವೂ ಅಷ್ಟೇ, "ಸುದಾ", ಆಯ್ತು. ಮಲಯ ಹೆಂಗಸರಿಗೆ ನೀವಾಗಿ ಕೈ ಚಾಚಬೇಡಿ, ಅವರು ಚಾಚಿದರೆ ಕುಲುಕಿ, ಎದೆಯ ಮೇಲೆ ಕೈ ಇಟ್ಟು ತಲೆ ಬಾಗಿಸಿದರೆ ನೀವೂ ಹಾಗೇ ಮಾಡಿ. ತೋರುಬೆರಳಿನಲ್ಲಿ ಯಾರನ್ನೂ ತೋರಿಸಬೇಡಿ, ಅಲ್ಲಿ ಬಲಗೈ ಹೆಬ್ಬೆರಳಿನಲ್ಲಿ ತೋರಿಸುತ್ತಾರೆ. ದೊಡ್ಡವರ ಹೆಸರಿಗೆ ಮೊದಲು ದಾತುಕ್, ತಾನ್ ಶ್ರೀ ಎಂದು ಬಿರುದು ಇದ್ದರೆ ಮೇಲ್‌ನಲ್ಲಿ ಅದನ್ನು ಬಿಡಬೇಡಿ. ಶುಕ್ರವಾರ ಮಧ್ಯಾಹ್ನ ನಮಾಜಿಗೆ ಹೋಗುತ್ತಾರೆ, ಊಟದ ಬಿಡುವು ಉದ್ದ ಇರುತ್ತದೆ, ಆ ಹೊತ್ತಿಗೆ ಮೀಟಿಂಗ್ ಇಡಬೇಡಿ. ನೀವು ಹೋಗುವ ತಿಂಗಳಲ್ಲಿ ರಂಜಾನ್ ಬಿದ್ದರೆ ಸಂಜೆ ಐದರ ಮೇಲೆ ಯಾರೂ ಸಿಗುವುದಿಲ್ಲ, ಹಬ್ಬದ ವಾರವಂತೂ ಊರೇ ಖಾಲಿ, ಕೆಲಸದ ಯೋಜನೆ ಹಾಗೇ ಹಾಕಿಕೊಳ್ಳಿ.

"ಆಗಲ್ಲ" ಎಂದು ಅವರು ಮುಖಕ್ಕೆ ಹೊಡೆದ ಹಾಗೆ ಹೇಳುವುದಿಲ್ಲ. "ನೋಡೋಣ, ಟ್ರೈ ಮಾಡ್ತೀವಿ" ಎಂದರು, ಮತ್ತೆ ಎರಡು ದಿನ ಸದ್ದಿಲ್ಲ ಅಂದರೆ ಆಗಲ್ಲ ಅಂತಲೇ. ನಮ್ಮಲ್ಲೂ ಹೀಗೇ ಅಲ್ವಾ, ಆದರೆ ನಾವು ಬೆಂಗಳೂರಿನ ಕಾಲ್‌ಗಳಲ್ಲಿ ದನಿ ಏರಿಸಿ ಕೇಳುವುದು ಕಲಿತುಬಿಟ್ಟಿದ್ದೇವೆ. ಅಲ್ಲಿ ದನಿ ಏರಿಸಿದವನ ಜೊತೆ ಯಾರೂ ಜಗಳ ಆಡುವುದಿಲ್ಲ. ಸುಮ್ಮನೆ ಊಟಕ್ಕೆ ಕರೆಯುವುದನ್ನು ನಿಲ್ಲಿಸುತ್ತಾರೆ.

ಮೂರನೇ ವಾರಕ್ಕೆ ನಿಮ್ಮನ್ನು ಹಣ್ಣು ಮಾಡುವುದು ಕೆ.ಎಲ್. ಅಲ್ಲ, ಬೆಂಗಳೂರು. ಅಲ್ಲಿನ ಕೆಲಸ ಬೆಳಗ್ಗೆ ಒಂಬತ್ತಕ್ಕೆ ಶುರು, ಆಗ ಬೆಂಗಳೂರಿನಲ್ಲಿ ಆರೂವರೆ. ಬೆಂಗಳೂರಿನ ಟೀಮ್ ಸಂಜೆ ಆರಕ್ಕೆ "ಕ್ವಿಕ್ ಸಿಂಕ್" ಅಂತ ಒಂದು ಕಾಲ್ ಇಟ್ಟರೆ ನಿಮಗೆ ರಾತ್ರಿ ಎಂಟೂವರೆ. ಎರಡೂ ಕಡೆ ಒಪ್ಪಿಕೊಂಡರೆ ದಿನಕ್ಕೆ ಹನ್ನೆರಡು ಗಂಟೆ ಗ್ಯಾರಂಟಿ. ಹೋಗುವ ಮುಂಚೆಯೇ ಮ್ಯಾನೇಜರ್ ಹತ್ತಿರ ಮಾತಾಡಿ: ಕೆ.ಎಲ್. ಸಮಯ ಸಂಜೆ ಏಳರ ಮೇಲೆ ಕಾಲ್ ಇಲ್ಲ, ಬೆಂಗಳೂರಿನ ಮೀಟಿಂಗ್ ಎಲ್ಲ ಅವರ ಬೆಳಗ್ಗೆ ಹತ್ತರಿಂದ ನಾಲ್ಕರೊಳಗೆ. ವೀಸಾ ವಿಷಯದಲ್ಲಿ ಅವರು ತಪ್ಪು ಅಂತ ಗೊತ್ತಾದಮೇಲೆ ಇದನ್ನು ಕೇಳುವುದು ಸುಲಭವಾಗುತ್ತದೆ.

ಭಾನುವಾರಕ್ಕೆ ಬಾಟು ಗುಹೆ ಇದೆ, ಕೆ.ಎಲ್. ಸೆಂಟ್ರಲ್‌ನಿಂದ ಕೊಮ್ಯೂಟರ್ ರೈಲು ಅಲ್ಲಿಗೇ ಹೋಗುತ್ತದೆ. 272 ಮೆಟ್ಟಿಲು, ಕೆಳಗೆ ಸುಮಾರು 43 ಮೀಟರ್ ಎತ್ತರದ ಮುರುಗನ್. ಕೈಯಲ್ಲಿ ಬಾಳೆಹಣ್ಣು ಹಿಡಿದು ಹತ್ತಬೇಡಿ, ಕೋತಿಗಳು ನಮ್ಮ ಚಾಮುಂಡಿ ಬೆಟ್ಟದವಕ್ಕೆ ಗುರುಗಳು. ಜೂನ್‌ನಿಂದ ಅಕ್ಟೋಬರ್ ನಡುವೆ ಕೆಲವು ವರ್ಷ ಇಂಡೋನೇಷ್ಯಾದ ಕಾಡು ಮತ್ತು ತೋಟಗಳ ಬೆಂಕಿಯ ಹೊಗೆ ಬಂದು ಆಕಾಶ ಮಬ್ಬಾಗುತ್ತದೆ, ಉಬ್ಬಸ ಇದ್ದರೆ ಮಾಸ್ಕ್ ಮತ್ತು ಡಾಕ್ಟರ್ ಚೀಟಿ ಸಮೇತ ಔಷಧ ಇಟ್ಟುಕೊಳ್ಳಿ. ಡೆಂಗಿ ಅಲ್ಲೂ ಇದೆ. ಪಾಸ್‌ಪೋರ್ಟಿನ ಪ್ರತಿ ಮತ್ತು ಪಾಸಿನ ಪ್ರತಿ ಯಾವಾಗಲೂ ಜೇಬಿನಲ್ಲಿರಲಿ, ಪೊಲೀಸರು ರಸ್ತೆಯಲ್ಲಿ ತಡೆದು ಕೇಳುವುದುಂಟು. ತುರ್ತು ನಂಬರ್ 999.

ಹೆಂಡತಿ ವಿಷಯ. ನಿಮ್ಮ ಪಾಸಿನ ಮೇಲೆ ಕುಟುಂಬವನ್ನು ಸೇರಿಸಲು ಬರುವುದಿಲ್ಲ. ಆದರೆ ಎರಡು ವಾರ ಊರು ನೋಡಲು ಬರುವ ಅವರಿಗೆ ಆ 30 ದಿನದ ಸೌಲಭ್ಯ ಸರಿಯಾಗಿಯೇ ಹೊಂದುತ್ತದೆ. ಅವರ ಪ್ರಯಾಣದ ದಿನಕ್ಕೆ ಅದು ಜಾರಿಯಲ್ಲಿದೆಯೇ ಎಂದು ಒಮ್ಮೆ ನೋಡಿಕೊಳ್ಳಿ, ವಾಪಸು ಟಿಕೆಟ್ ಕೈಯಲ್ಲಿರಲಿ, ಅರೈವಲ್ ಕಾರ್ಡ್ ಅವರೂ ತುಂಬಲಿ. ಯಾಕೆ ಬಂದಿದ್ದೀರಿ ಎಂದು ಕೇಳಿದರೆ "ಸುಆಮಿ ಇಲ್ಲಿದ್ದಾರೆ, ನೋಡಲು" ಎಂದರೆ ಅಧಿಕಾರಿಯೂ ನಗುತ್ತಾರೆ.

ಕುಕ್ಕರ್: ಬೇಡ. ಸರ್ವಿಸ್ ಅಪಾರ್ಟ್‌ಮೆಂಟಿನಲ್ಲಿ ಒಲೆ, ಒಂದೆರಡು ಪಾತ್ರೆ ಇರುತ್ತದೆ, ಎಷ್ಟೋ ಕಡೆ ವಿದ್ಯುತ್ ಒಲೆ, ಅದು ಇಂಡಕ್ಷನ್ ಆದರೆ ಅದರ ಮೇಲೆ ನಮ್ಮ ಅಲ್ಯೂಮಿನಿಯಂ ಕುಕ್ಕರ್ ಬಿಸಿಯಾಗದೆಯೂ ಹೋಗಬಹುದು. ಅನ್ನ ಮಾಡುವ ಎಲೆಕ್ಟ್ರಿಕ್ ಕುಕ್ಕರ್ ಅಲ್ಲೇ ಅಗ್ಗಕ್ಕೆ ಸಿಗುತ್ತದೆ. ಮಿಕ್ಸಿ ಬೇಡವೇ ಬೇಡ, ಚಟ್ನಿಗೆ ಮೂರು ತಿಂಗಳು ರಜೆ ಕೊಡಿ. ವೋಲ್ಟೇಜ್ ನಮ್ಮದೇ ಮಟ್ಟದ್ದು, ಸಾಕೆಟ್ ಮಾತ್ರ ಬೇರೆ, ಇಂಗ್ಲೆಂಡಿನ ಹಾಗೆ ಮೂರು ಚಪ್ಪಟೆ ಕಡ್ಡಿಯದು, ಎರಡು ಅಡಾಪ್ಟರ್ ಇಟ್ಟುಕೊಳ್ಳಿ. ಸಾರಿನ ಪುಡಿ, ಚಟ್ನಿಪುಡಿ, ಅವಲಕ್ಕಿ, ಮೆಂತ್ಯದ ಹಿಟ್ಟು ಸೀಲ್ ಮಾಡಿದ ಪ್ಯಾಕೆಟ್ಟಿನಲ್ಲಿ ಸಾಕು. ವಿಮಾನ ಸಿಂಗಪುರದಲ್ಲಿ ಬದಲಾಗುವುದಾದರೆ ಬ್ಯಾಗಿನಲ್ಲಿ ಗಸಗಸೆ ಒಂದು ಚಮಚವೂ ಬೇಡ, ಅಲ್ಲಿ ಅದನ್ನು ಮಾದಕವಸ್ತುವಿನ ಲೆಕ್ಕದಲ್ಲಿ ನೋಡುತ್ತಾರೆ. ಆಫೀಸಿನವರಿಗೆ ಏನಾದರೂ ಒಯ್ಯಬೇಕು ಅನ್ನಿಸಿದರೆ ಅಮ್ಮನ ಕೈಯಲ್ಲಿ ಎರಡು ಡಬ್ಬಿ ಚಕ್ಕುಲಿ ಮಾಡಿಸಿ. ಅಲ್ಲಿ ಅದಕ್ಕೆ ಮುರುಕ್ಕು ಅನ್ನುತ್ತಾರೆ, ಮಲಯರು, ಚೀನಿಯರು, ತಮಿಳರು ಮೂವರೂ ತಿನ್ನುತ್ತಾರೆ, ಮೊದಲ ಡಬ್ಬಿ ಬೆಳಗ್ಗೆ ಹನ್ನೊಂದರೊಳಗೆ ಖಾಲಿಯಾಗುತ್ತದೆ. ಎರಡನೆಯದನ್ನು ನಿಮ್ಮ ಡ್ರಾಯರಿನಲ್ಲಿ ಬಚ್ಚಿಡಿ.